ಜಾರದ ಕುಣಿಕೆ

ಗಾಳಿ ಜೋರಾದ ತಿಂಗಳಲ್ಲಿ ಪುಂಟಾ ಅರೇನಸ್‌ನವರು
ಬೀದಿಯ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದು ನಡೆಯಲಿ, ಹಾರಿಹೋಗದಿರಲಿ ಎಂದು.
ಹಾಗೇ ಹಿಡಿದು ಬಂದೆ ನಾನೂ ಆ ಗುರುವಾರ.
ಹೆಗಲಿಗೆ ಚೀಲ; ಚೀಲದಲ್ಲಿ
ಹಳದಿ ಚೀಟಿಯ ಆರು ಕಟ್ಟು, ಹದಿನೆಂಟು ಪೆನ್ನು,
ಹಿತ್ತಾಳೆಯದೊಂದು ಗಂಟೆ,
ಮತ್ತೆ ಮೂರು ವಾರ ಕೂತು ಕೊರೆದ ವೇಳಾಪಟ್ಟಿ.

ಒಂಬತ್ತಕ್ಕೆ ಪರಿಚಯ. ಒಂಬತ್ತೂ ಹತ್ತಕ್ಕೆ ಆಶಯ.
ಒಂಬತ್ತೂ ಇಪ್ಪತ್ತೈದಕ್ಕೆ ಜೋಡಿ ಚಟುವಟಿಕೆ:
‘ನಿಮಗೆ ಗೊತ್ತಿರುವುದೊಂದನ್ನು ಪಕ್ಕದವರಿಗೆ
ಐದು ನಿಮಿಷದಲ್ಲಿ ಕಲಿಸಿ.’
ಐದು ಅಂದರೆ ಐದು. ಗಂಟೆ ಬಾರಿಸುವವಳು ನಾನು.
ಕಲಿಸುವವರಿಗೆ ಕಲಿಸುವುದು ನನ್ನ ಕೆಲಸ,
ವಿಶ್ವವಿದ್ಯಾಲಯದ ಮೂರನೆಯ ಮಹಡಿ, ಕೊನೆಯ ಕೋಣೆ,
ಕಿಟಕಿಯ ತುಂಬ ಜಲಸಂಧಿ.

ಬಂದವರಲ್ಲಿ ಅರ್ಧ ಜನ ಡೀನ್ ಕಳಿಸಿದ್ದಕ್ಕೆ,
ಉಳಿದರ್ಧ ಕಾಫಿಗೆ.
ದೋನ್ ಎರಾಸ್ಮೊ ಬಾರ್ರೀಯಾ ಬಾಗಿಲ ಬಳಿಯೇ ಕೂತರು,
ಮೊದಲೇ ಎದ್ದುಹೋಗಲು ಅನುಕೂಲವಾಗಿ.
ಮೀನುಗಾರಿಕೆ ವಿಭಾಗ, ಮೂವತ್ತೊಂದು ವರ್ಷ,
ಕಟ್ಟಿದ ಕೈ, ಗಂಟುಮೋರೆ.
ಹೆಸರು ಬರೆದು ಅಂಟಿಸಿಕೊಳ್ಳಿ ಎಂದರೆ
‘ಇಲ್ಲಿ ನನ್ನ ಹೆಸರು ಗೊತ್ತಿಲ್ಲದವರು ಯಾರು?’ ಅಂದರು.
ನಿಜವೇ. ಅಷ್ಟರಲ್ಲಿ
ಯಾರೋ ಕಿಟಕಿ ತೆರೆದು ಗೋಡೆಯ ಚೀಟಿಗಳೆಲ್ಲ
ಬೆದರಿದ ಹಿಂಡಿನಂತೆ ಎದ್ದವು;
‘ಗುರಿಗಳು’ ಹೋಗಿ ಡೀನರ ಕಾಫಿಯಲ್ಲಿ ಬಿತ್ತು.

ಅವರಿಗೆ ಜೋಡಿಯಾದವಳು ದಾನಿಕಾ ವುಕಾಸೊವಿಚ್,
ಸಂಖ್ಯಾಶಾಸ್ತ್ರ, ಕೆಲಸಕ್ಕೆ ಸೇರಿ ಎರಡು ತಿಂಗಳು.
ಮೊದಲು ಅವಳು ಕಲಿಸಿದಳು:
ಸರಾಸರಿ ಎಂಬುದು ಹೇಗೆ ಸುಳ್ಳು ಹೇಳುತ್ತದೆ.
ನಾಲ್ಕು ನಿಮಿಷ ನಲವತ್ತು ಸೆಕೆಂಡು. ಅಚ್ಚುಕಟ್ಟು.
ನನಗೆ ಖುಷಿ.
ದೋನ್ ಎರಾಸ್ಮೊ ತಲೆಯಾಡಿಸಿ, ಕೋಟಿನ ಜೇಬಿನಿಂದ
ಒಂದು ಮಾರು ಹಗ್ಗ ತೆಗೆದರು.

ಒಮ್ಮೆ ಕಟ್ಟಿ ತೋರಿಸಿದರು, ನಿಧಾನಕ್ಕೆ.
ಬಿಚ್ಚಿದರು. ಅವಳ ಕೈಗೆ ಕೊಟ್ಟರು.
ಅಷ್ಟೇ ಪಾಠ.

ಅವಳು ಕಟ್ಟಿದ್ದು ಜೀರುಗುಣಿಕೆ, ಎಳೆದರೆ ಬಿಗಿಯುವಂಥದು.
ಮತ್ತೆ ಕಟ್ಟಿದಳು, ಬರೀ ಕಗ್ಗಂಟು.
ನನ್ನ ನಾಲಗೆಯ ತುದಿಗೆ ಬಂದು ನಿಂತಿದ್ದವು
ಮೂರನೆಯ ಸ್ಲೈಡಿನ ಸಲಹೆಗಳು:
ಮೆಚ್ಚುಗೆಯಿಂದ ಶುರು ಮಾಡಿ,
ಕೆಲಸವನ್ನು ತಿದ್ದಿ, ಮನುಷ್ಯರನ್ನಲ್ಲ...
ಅವರು ಏನೂ ಅನ್ನಲಿಲ್ಲ.
ಅವಳ ಮುಖ ನೋಡಲಿಲ್ಲ;
ನೋಡಿದ್ದರೆ ನಕ್ಕು ಕೈಬಿಡುತ್ತಿದ್ದಳು.
ಹಗ್ಗವನ್ನೂ ನೋಡಲಿಲ್ಲ.
ನೀರಿನ ಮೇಲೆ ಬೆನ್ನು ತಿರುಗಿಸಿ ನಿಂತ ಹಡಗೊಂದನ್ನು ನೋಡುತ್ತ ಕೂತರು,
ಕಿವಿ ಮಾತ್ರ ಇತ್ತ, ನಾರು ನಾರಿಗೆ ಉಜ್ಜುವ ಸದ್ದಿಗೆ.

ಐದು ನಿಮಿಷ ಮುಗಿಯಿತು.
ಗಂಟೆ ಕೈಯಲ್ಲೇ ಇತ್ತು. ನಾಲಗೆಯನ್ನು
ಬೆರಳಲ್ಲಿ ಬಿಗಿಹಿಡಿದೆ,
ಗಂಟೆಯದನ್ನು. ನನ್ನದನ್ನು ಹಲ್ಲಲ್ಲಿ.

ಒಂಬತ್ತಕ್ಕೋ ಹತ್ತಕ್ಕೋ
ತುದಿ ಮೇಲೆ ಬಂತು, ಹಿಂದಿನಿಂದ ಬಳಸಿತು,
ಬಂದ ಕಿಂಡಿಯಲ್ಲೇ ಇಳಿಯಿತು.
ಎಳೆದಳು. ಇನ್ನೂ ಎಳೆದಳು. ಜಾರಲಿಲ್ಲ.
ದೋನ್ ಎರಾಸ್ಮೊ ಆಗ ತಿರುಗಿ
ಕುಣಿಕೆಯೊಳಗೆ ತಮ್ಮ ಮಣಿಕಟ್ಟು ತೂರಿಸಿ
‘ಈಗ ಹೇಳು, ಮೊದಲ ಸಲ ಎಲ್ಲಿ ತಪ್ಪಿತು?’ ಅಂದರು.
ಅವಳು ಹೇಳಿದಳು.
ನಾನು ಬರೆದುಕೊಳ್ಳಲಿಲ್ಲ; ಈಗ ನೆನಪಿಲ್ಲ.

ಅಲ್ಲಿಂದಾಚೆ ವೇಳಾಪಟ್ಟಿ ಹಾಳು.
‘ಆತ್ಮಾವಲೋಕನ’ ನಡೆಯಲೇ ಇಲ್ಲ.
ಪ್ರಾಣಿಶಾಸ್ತ್ರದವರೂ ಕಾನೂನಿನವರೂ ಒಂದೇ ಹಗ್ಗಕ್ಕೆ
ಸರದಿ ನಿಂತು ಜಗಳವಾಡಿದರು.
ಅಭಿಪ್ರಾಯದ ಹಾಳೆಗಳಲ್ಲಿ: ಕಾಫಿ ತಣ್ಣಗಿತ್ತು.
ನಾಲ್ಕನೆಯ ಪ್ರಶ್ನೆ ಅರ್ಥವಾಗಲಿಲ್ಲ.
ಹೆಸರು ಬರೆಯಬೇಡಿ ಎಂದಿದ್ದರೂ ಒಬ್ಬರು
ಹೆಸರೊಂದನ್ನೇ ಬರೆದು ಕೊಟ್ಟಿದ್ದರು.

ಈ ವರ್ಷದ ಪಟ್ಟಿಯಲ್ಲಿ ಜೋಡಿ ಚಟುವಟಿಕೆಯ ಕೆಳಗೆ
ಹತ್ತು ನಿಮಿಷದ ಸಾಲೊಂದನ್ನು ಖಾಲಿ ಬಿಟ್ಟೆ.
ಕಚೇರಿಯಿಂದ ವಾಪಸು ಬಂತು:
ಖಾಲಿ ಸಾಲಿಗೆ ಅನುಮೋದನೆ ಇಲ್ಲ, ಚಟುವಟಿಕೆ ನಮೂದಿಸಿ.
‘ಕಾಯುವುದು’ ಎಂದು ಬರೆದೆ, ಅಳಿಸಿದೆ;
ಅದಕ್ಕೆ ಯಾರು ದುಡ್ಡು ಕೊಡುತ್ತಾರೆ?
ಕೊನೆಗೆ, ‘ಹಗ್ಗ, ಹದಿನೆಂಟು ಮಾರು.’
ಮರುದಿನವೇ ಖರೀದಿ ವಿಭಾಗದ ಪತ್ರ:
ನೂಲಿನದೋ, ನೈಲಾನಿನದೋ?

ಕೇಳಿಕೊಂಡು ಬರೋಣವೆಂದು
ಬೀದಿಯಾಚೆಯ ಮೀನುಗಾರಿಕೆ ವಿಭಾಗಕ್ಕೆ ಹೊರಟಿದ್ದೇನೆ,
ಒಂದು ಕೈಯಲ್ಲಿ ಪಟಪಟಿಸುವ ಪತ್ರ,
ಇನ್ನೊಂದು ಕೈ ಮೂಲೆಯ ಹಗ್ಗದ ಮೇಲೆ.
ಗಂಟು ಯಾರು ಹಾಕಿದ್ದೋ, ನಿಂತು ನೋಡುತ್ತಿದ್ದೇನೆ.